ಕಾಣದ ಎಲೆಗೆ ಕಟ್ಟಿದ ಪಣ

ಅಮೆರಿಕದ ನೆವಾಡಾ ಸಂಸ್ಥಾನದಲ್ಲಿ ಜೂಜು 1931ರಿಂದಲೂ ಕಾನೂನಿಗೆ ಸಮ್ಮತವಾದ ವ್ಯಾಪಾರ. ಅಲ್ಲಿಯ ಲಾಸ್ ವೇಗಾಸ್ ನಗರದ ಜೂಜುಗೃಹಗಳಲ್ಲಿ ಸಾಲುಸಾಲಾಗಿ ನಿಂತ ಯಂತ್ರಗಳಲ್ಲಿ ‘ವಿಡಿಯೋ ಪೋಕರ್’ ಎಂಬುದೂ ಒಂದು. ಇದನ್ನಾಡಲು ಜೊತೆಗಾರರು ಬೇಕಿಲ್ಲ. ಪಣ ಕಟ್ಟಿ ಗುಂಡಿಯೊತ್ತಿದರೆ ಪರದೆಯ ಮೇಲೆ ಐದು ಇಸ್ಪೀಟೆಲೆಗಳು ಮೂಡುತ್ತವೆ. ಬೇಕಾದುವನ್ನು ಉಳಿಸಿಕೊಂಡು ಬೇಡವಾದುವನ್ನು ಬಿಟ್ಟರೆ, ಬಿಟ್ಟಷ್ಟೇ ಹೊಸ ಎಲೆಗಳು ಬರುತ್ತವೆ. ಕೊನೆಗೆ ಉಳಿದ ಐದೆಲೆಗಳ ಯೋಗ್ಯತೆಗೆ ತಕ್ಕಂತೆ ಯಂತ್ರ ಹಣ ಕೊಡುತ್ತದೆ, ಇಲ್ಲವೆ ಸುಮ್ಮನಾಗುತ್ತದೆ.

ಈ ಆಟದ ಬಗೆಗೆ ಒಂದು ಸ್ವಾರಸ್ಯವಾದ ಪ್ರಶ್ನೆಯುಂಟು. ಪರದೆ ಕತ್ತಲಾಗಿ ಎಲೆಗಳೇ ಕಾಣದಂತಾದರೆ ಆಟಗಾರನು ಯಾವ ಉಪಾಯದಿಂದ ಆಡಬೇಕು? ಐದನ್ನೂ ಉಳಿಸಿಕೊಳ್ಳುವುದು ಮೇಲೋ, ಐದನ್ನೂ ಬಿಡುವುದು ಮೇಲೋ? ಮೇಲುನೋಟಕ್ಕೆ ಇದು ಹುಡುಗಾಟದ ಮಾತು. ಉತ್ತರ ಮಾತ್ರ ಜೂಜಿನ ಒಳಗುಟ್ಟನ್ನು ಹೊರಗೆಡಹುತ್ತದೆ.

ಯಂತ್ರದ ಹುಟ್ಟು

ಪೋಕರ್ ಯಂತ್ರದ ವಂಶ ಹಳೆಯದು. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಿಟ್‌ಮನ್ ಮತ್ತು ಪಿಟ್ ಎಂಬವರು ಐದು ಉರುಳೆಗಳ ಮೇಲೆ 50 ಎಲೆಗಳನ್ನು ಅಂಟಿಸಿದ ಯಂತ್ರವೊಂದನ್ನು ತಯಾರಿಸಿದರು. 52 ಎಲೆಗಳ ಕಟ್ಟಿನಿಂದ ಎರಡನ್ನು, ಸಾಮಾನ್ಯವಾಗಿ ಇಸ್ಪೀಟಿನ ಹತ್ತನ್ನೂ ಆಟೀನಿನ ಗುಲಾಮನನ್ನೂ, ತೆಗೆದುಬಿಡುತ್ತಿದ್ದರು. ಆಟದಲ್ಲಿ ಎಲ್ಲಕ್ಕಿಂತ ಹಿರಿಯದಾದ ‘ರಾಯಲ್ ಫ್ಲಶ್’ ನಾಲ್ಕು ಜಾತಿಗೆ ನಾಲ್ಕು. ಅವುಗಳಲ್ಲಿ ಎರಡು ಆ ಯಂತ್ರದಲ್ಲಿ ಬರುವ ಮಾತೇ ಇರಲಿಲ್ಲ. ಉರುಳೆ ತಿರುಗಿಸಿದವನಿಗೆ ಇದು ಕಾಣುತ್ತಿರಲಿಲ್ಲ.

ಪರದೆಯ ಪೋಕರ್ ಜನಪ್ರಿಯವಾದದ್ದು ಸೈ ರೆಡ್ ಎಂಬ ಉದ್ಯಮಿಯಿಂದ. ಆತನ ಸಂಸ್ಥೆ 1979ರಲ್ಲಿ ‘ಡ್ರಾ ಪೋಕರ್’ ಯಂತ್ರವನ್ನು ಹೊರತಂದಿತು. ಅದೇ ಸಂಸ್ಥೆ ಮುಂದೆ ಐಜಿಟಿ ಎಂಬ ಹೆಸರಿನಿಂದ ಬೃಹತ್ತಾಗಿ ಬೆಳೆಯಿತು.

ಬೆಳಕಿನಲ್ಲಿ

ಈ ಯಂತ್ರದ ಆಕರ್ಷಣೆ ಆಯ್ಕೆಯಲ್ಲಿದೆ. ಐದೆಲೆಗಳಲ್ಲಿ ಒಂದೊಂದನ್ನೂ ಇಡಬಹುದು ಅಥವಾ ಬಿಡಬಹುದಾದ್ದರಿಂದ ಪ್ರತಿ ಸಲವೂ 32 ದಾರಿಗಳಿವೆ. ಏಳರ ಜೋಡಿಯೂ ಒಂದೇ ಜಾತಿಯ ನಾಲ್ಕೆಲೆಗಳೂ ಕೂಡಿ ಬಂದರೆ, ಬಲ್ಲವನು ಜೋಡಿಯನ್ನು ಮುರಿದು ನಾಲ್ಕೆಲೆಗಳನ್ನು ಹಿಡಿಯುತ್ತಾನೆ. ರಾಣಿಯ ಜೋಡಿಯಾದರೆ ಸಾಮಾನ್ಯವಾಗಿ ಜೋಡಿಯನ್ನೇ ಹಿಡಿಯುತ್ತಾನೆ. ಗುಲಾಮ, ರಾಣಿ, ರಾಜ, ಎಕ್ಕಗಳ ಜೋಡಿಗೆ ಪಣದ ಹಣ ಮರಳುತ್ತದೆ; ಏಳರ ಜೋಡಿಗೆ ಏನೂ ಇಲ್ಲ.

‘ಫುಲ್ ಹೌಸ್’ಗೆ ಒಂಬತ್ತರಷ್ಟು, ‘ಫ್ಲಶ್’ಗೆ ಆರರಷ್ಟು ಕೊಡುವ ಪಟ್ಟಿಯುಳ್ಳ ಯಂತ್ರದ ಮುಂದೆ ಪೂರ್ಣ ಪಣ ಕಟ್ಟಿ, ಒಂದೂ ತಪ್ಪಿಲ್ಲದೆ ಆಡಿದವನಿಗೆ ಸರಾಸರಿಯಲ್ಲಿ ನೂರು ಡಾಲರಿಗೆ 99 ಡಾಲರ್ 54 ಸೆಂಟ್ ಮರಳುತ್ತದೆ. ಅಷ್ಟು ಜಾಣತನಕ್ಕೂ ಕೊನೆಗೆ ಸಿಗುವುದು ಸಣ್ಣ ನಷ್ಟವೇ.

ಕತ್ತಲೆಯಲ್ಲಿ

ಈಗ ಪರದೆ ಕತ್ತಲಾಯಿತೆನ್ನಿ. ಚೆನ್ನಾಗಿ ಕಲಸಿದ ಕಟ್ಟಿನಲ್ಲಿ ಕಾಣದ ಮೊದಲನೆಯ ಎಲೆಗೂ ಕಾಣದ ಆರನೆಯ ಎಲೆಗೂ ಭೇದವಿಲ್ಲ. ಐದನ್ನು ಉಳಿಸಿದರೂ, ಐದನ್ನು ಬಿಟ್ಟರೂ, ಎರಡನ್ನು ಬಿಟ್ಟು ಮೂರನ್ನು ಹಿಡಿದರೂ ಕೊನೆಗೆ ದೊರೆಯುವುದು ಯಾವುವೋ ಐದೆಲೆಗಳು. 32 ದಾರಿಗಳೂ ಒಂದೇ ಊರಿಗೆ ಹೋಗಿ ಸೇರುತ್ತವೆ.

ಆ ಊರು ಎಂಥದೆಂಬುದನ್ನು ಗಣಿತ ಹೇಳುತ್ತದೆ. 52 ಎಲೆಗಳಿಂದ ಆಗುವ ಐದೆಲೆಯ ಕೂಟಗಳು 25,98,960. ಇವುಗಳಲ್ಲಿ ರಾಯಲ್ ಫ್ಲಶ್ ಕೇವಲ 4. ಗುಲಾಮನಿಂದ ಮೇಲಿನ ಜೋಡಿಗಳು 3,37,920. ಪ್ರತಿ ಕೂಟಕ್ಕೂ ಒಂದು ಡಾಲರಿನಂತೆ ಕಟ್ಟಿ, ರಾಯಲ್ ಫ್ಲಶ್‌ಗೆ 800ರಷ್ಟು ಪಡೆದರೂ, ಎಲ್ಲವೂ ಸೇರಿ ಮರಳುವುದು 8,75,504 ಡಾಲರ್. ಎಂದರೆ ನೂರಕ್ಕೆ ಸುಮಾರು 33 ಡಾಲರ್ 69 ಸೆಂಟ್. ನೋಟವೊಂದು ತಪ್ಪಿದ್ದಕ್ಕೆ ಬೆಲೆ ನೂರಕ್ಕೆ ಅರವತ್ತಾರು ಡಾಲರಿನಷ್ಟು!

ಗಂಟೆಗೆ 600 ಸಲ, ಸಲಕ್ಕೆ ಒಂದೂಕಾಲು ಡಾಲರಿನಂತೆ ಆಡಿದರೆ ಕಟ್ಟುವ ಪಣ 750 ಡಾಲರ್. ಕಂಡು, ತಿಳಿದು ಆಡುವವನ ಸರಾಸರಿ ನಷ್ಟ ಮೂರೂವರೆ ಡಾಲರ್. ಕಾಣದೆ ಆಡುವವನದು ಸುಮಾರು 497.

ಎದುರಾಳಿ ಮನುಷ್ಯನಾದರೆ

ಹಾಗಾದರೆ ನೋಡದೆ ಆಡಿ ಗೆದ್ದವರೇ ಇಲ್ಲವೆ? ಇದ್ದಾರೆ. ನಾರ್ವೆ ದೇಶದ ಆನೆಟ್ ಒಬ್ರೆಸ್ಟಾಡ್ ಎಂಬ ತರುಣಿ 2007ರಲ್ಲಿ ಅಂತರಜಾಲದ ಪೋಕರ್ ಪಂದ್ಯವೊಂದರಲ್ಲಿ ಒಂದೇ ಒಂದು ಸಲದ ಹೊರತು ತನ್ನ ಎಲೆಗಳನ್ನು ನೋಡದೆಯೆ ಆಡಿ, 180 ಜನರ ಕಣದಲ್ಲಿ ಮೊದಲಿಗಳಾದಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತು ತುಂಬುವ ಹಿಂದಿನ ದಿನ, ಲಂಡನ್ನಿನ ದೊಡ್ಡ ಪಂದ್ಯದಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದಳು.

ಇದು ಪವಾಡವಲ್ಲ. ತನ್ನ ಎಲೆ ಕಾಣದಿದ್ದರೂ ಎದುರಾಳಿಗಳ ನಡೆ ಆಕೆಗೆ ಕಾಣುತ್ತಿತ್ತು: ಯಾರು ಪಣ ಏರಿಸಿದರು, ಯಾರು ಅಳುಕಿದರು, ಯಾರು ಬೆದರಿಸಿದರೆ ಎಲೆ ಎಸೆದಾರು ಎಂಬುದು. ನಮ್ಮ ಕಡೆಯ ಮೂರೆಲೆಯ ಆಟದಲ್ಲಿಯೂ ‘ಬ್ಲೈಂಡ್’ ಆಡುವವನು ಎಲೆ ಕಂಡವನ ಅರ್ಧದಷ್ಟು ಪಣ ಕಟ್ಟಿದರೆ ಸಾಕು. ಅವನ ಕುರುಡಿಗೆ ಆಟವೇ ರಿಯಾಯಿತಿ ಕೊಡುತ್ತದೆ. ಯಂತ್ರ ಅಂಥ ರಿಯಾಯಿತಿ ಕೊಡುವುದಿಲ್ಲ. ಅದಕ್ಕೆ ಅಳುಕೂ ಇಲ್ಲ, ಆಸೆಯೂ ಇಲ್ಲ. ಬೆದರಿಸಿದರೆ ಬೆದರುವುದೂ ಇಲ್ಲ.

ಕಂಡೂ ಕಾಣದವರು

ನಿಜವಾಗಿ ಪರದೆ ಕತ್ತಲಾಗುವುದು ಅಪರೂಪ. ಬೆಳಗುವ ಪರದೆಯ ಮುಂದೆಯೇ ಕಾಣದೆ ಕುಳಿತವರು ಹಲವರು. ಒಂಬತ್ತರ ಕಡೆ ಎಂಟು, ಆರರ ಕಡೆ ಐದು ಎಂದು ಪಟ್ಟಿಯ ಎರಡು ಅಂಕಿಗಳನ್ನು ಬದಲಿಸಿದರೆ ಯಂತ್ರದ ರೂಪವೇನೂ ಬದಲಾಗದು. ಆದರೆ ನಿರ್ದೋಷವಾಗಿ ಆಡಿದವನ ಸರಾಸರಿ ನಷ್ಟವೂ ಗಂಟೆಗೆ ಮೂರೂವರೆ ಡಾಲರಿನಿಂದ ಇಪ್ಪತ್ತಕ್ಕೆ ಏರುತ್ತದೆ. ಪಟ್ಟಿಯೇನೋ ಕಣ್ಣೆದುರಿಗೇ ಇರುತ್ತದೆ. ಓದುವವರು ಬೇಕು.

ಲಾಸ್ ವೇಗಾಸಿನ ಯಂತ್ರಜೂಜನ್ನು ಹಲವು ವರ್ಷ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ನಟಾಶಾ ಡೌ ಶೂಲ್ 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಮಾತನ್ನು ತೋರಿಸಿಕೊಟ್ಟರು. ಯಂತ್ರದಲ್ಲಿ ಮುಳುಗಿಹೋದವರು ಗೆಲುವಿಗಾಗಿ ಆಡುವುದೇ ಇಲ್ಲ. ಸುತ್ತಲ ಲೋಕವನ್ನು ಮರೆಸುವ ಆ ಮಂಪರಿನಲ್ಲಿಯೇ ಇರಬೇಕೆಂದು ಆಡುತ್ತಾರೆ. ಧರ್ಮರಾಯನೂ ಶಕುನಿಯ ದಾಳಗಳನ್ನು ಕಣ್ಣಾರೆ ಕಂಡೇ ಆಡಿದನು. ಎದ್ದುಹೋಗುವ ಗಳಿಗೆಯೊಂದು ಅವನಿಗೆ ಕಾಣಲಿಲ್ಲ.

ಪರದೆ ಕತ್ತಲಾದವನಿಗೆ ಲೆಕ್ಕ ಹೇಳುವ ಉಪಾಯ ಒಂದೇ: ಉಳಿದ ಹಣವನ್ನು ಜೇಬಿಗಿಳಿಸಿ ಏಳುವುದು. ಪರದೆ ಬೆಳಗುತ್ತಿದ್ದರೂ ಪಟ್ಟಿಯನ್ನು ಓದದೆ ಕುಳಿತವನಿಗೂ ಅದೇ ಉಪಾಯ ಸಲ್ಲುತ್ತದೆ.