‘ಇಲ್ಲೇನ್ ಕೆಲ್ಸ, ನಡೀರಿ’

ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ ರಾತ್ರಿ ಬೇಗ ಮುಗಿಯುವುದಿಲ್ಲ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿದವರು, ಹೆಸರಘಟ್ಟ ರಸ್ತೆಯ ಕಾಲೇಜು ಹುಡುಗರು, ತಡವಾದ ರೈಲಿನಿಂದ ಇಳಿದವರು ಎಲ್ಲರಿಗೂ ಒಂದು ಲೋಟ ಟೀ, ನಾಲ್ಕು ಮಾತು ಬೇಕು. ಮೂರ್ನಾಲ್ಕು ಜನ ಹಂಚಿಕೊಂಡ ರೂಮಿನಲ್ಲಿ ಹರಟೆಗೆ ಜಾಗವೆಲ್ಲಿ? ಅವರಿಗೆ ಬೀದಿಯೇ ಪಡಸಾಲೆ. ಆದರೆ ನಗರದ ಹೊರವಲಯದಲ್ಲಿ ಹೀಗೆ ನಿಂತವರೆಲ್ಲ ಒಂದಲ್ಲ ಒಂದು ದಿನ ಪೊಲೀಸರ ಈ ಗದರಿಕೆ ಕೇಳಿಯೇ ಇರುತ್ತಾರೆ: ‘ಇಲ್ಲೇನ್ ಕೆಲ್ಸ, ನಡೀರಿ.’ ಯಾವ ಕಾನೂನಿನಡಿ ಎಂದು ಕೇಳುವ ಧೈರ್ಯ ಯಾರಿಗಿದೆ?

ಕಾನೂನು ಇರುವುದೇನೋ ನಿಜ. ಹೊತ್ತು ಮುಳುಗಿದ ಮೇಲೆ, ಹುಟ್ಟುವ ಮೊದಲು ಅನುಮಾನಾಸ್ಪದವಾಗಿ ಸುಳಿದಾಡುವವರ ಬಗ್ಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 96ನೇ ಕಲಂ ಹೇಳುತ್ತದೆ. ಆದರೆ ಅದರ ಗುರಿ ಯಾರು? ಕಳ್ಳನೆಂದು ಹೆಸರಾಗಿದ್ದು, ಅಲ್ಲೇಕೆ ಇದ್ದೇನೆಂದು ಸರಿಯಾಗಿ ಹೇಳಲಾಗದವನು. ಅಪರಾಧಕ್ಕೆಂದೇ ಆಯುಧ ಹಿಡಿದವನು, ಮುಖ ಮರೆಸಿಕೊಂಡವನು. ಕನ್ನ ಹಾಕುವ ಸಲಕರಣೆ ಇಟ್ಟುಕೊಂಡವನು. ಟೀ ಲೋಟ ಹಿಡಿದವನು ಈ ಪಟ್ಟಿಯಲ್ಲಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಮಾತು ಬೇರೆ. ಅದಕ್ಕೂ ಲಿಖಿತ ಆದೇಶ, ಒಪ್ಪುವಂಥ ಕಾರಣ ಬೇಕು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ ನಿಷೇಧಾಜ್ಞೆಯನ್ನು ಹೈಕೋರ್ಟ್ ಮರುವರ್ಷ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು.

ಕಾಗದದ ಮೇಲೆ ಇಷ್ಟು ಕಿರಿದಾದ ಅಧಿಕಾರ ಬೀದಿಯಲ್ಲಿ ಎಷ್ಟು ಹಿಗ್ಗುತ್ತದೆ ಎಂಬುದು 2022ರ ಡಿಸೆಂಬರ್‌ನಲ್ಲಿ ಬಯಲಾಯಿತು. ಮಾನ್ಯತಾ ಟೆಕ್ ಪಾರ್ಕ್ ಬಳಿ ಹುಟ್ಟುಹಬ್ಬ ಮುಗಿಸಿ ಗಂಡ ಹೆಂಡತಿ ನಡೆದು ಬರುತ್ತಿದ್ದರು. ಮನೆ ಗೇಟು ಇನ್ನೇನು ಕೈಗೆಟುಕುವಷ್ಟು ಹತ್ತಿರ. ಗಸ್ತಿನಲ್ಲಿದ್ದ ಇಬ್ಬರು ಪೊಲೀಸರು ತಡೆದು, ಗುರುತಿನ ಚೀಟಿ ಕೇಳಿ, ಹನ್ನೊಂದರ ಮೇಲೆ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂದರು. ಅಂಥ ನಿಯಮವೇ ಇರಲಿಲ್ಲ. ಮೂರು ಸಾವಿರ ದಂಡದಿಂದ ಶುರುವಾದ ಚೌಕಾಸಿ ಸಾವಿರ ರೂಪಾಯಿಗೆ ಇಳಿಯಿತು. ಹಣ ಪೇಟಿಎಂನಲ್ಲಿ ಸಂದಾಯವಾಯಿತು. ಪತಿ ಇದನ್ನು ಟ್ವಿಟರ್‌ನಲ್ಲಿ ಬರೆದ ಮೇಲೆ ಇಬ್ಬರೂ ಅಮಾನತಾದರು. ಇಂಗ್ಲಿಷಿನಲ್ಲಿ ದೂರು ಬರೆಯಬಲ್ಲವರಿಗೆ ನ್ಯಾಯ ಸಿಕ್ಕಿತು ಸರಿ. ಪಾಳಿ ಮುಗಿಸಿ ಬರುವ ಗುತ್ತಿಗೆ ಕಾರ್ಮಿಕನ ಗತಿ?

ಈ ಅನುಮಾನಕ್ಕೆ ಹಳೆಯ ಬೇರಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತ್ತು. 1952ರಲ್ಲಿ ಅದು ರದ್ದಾದರೂ ‘ನಿಂತವರಲ್ಲಿ ಯಾರನ್ನು ಕೇಳಬೇಕು’ ಎಂಬ ಆಯ್ಕೆಯಲ್ಲಿ ಅದರ ನೆರಳು ಉಳಿದಿದೆ. ಬಟ್ಟೆ, ಬಣ್ಣ, ಭಾಷೆ ನೋಡಿಯೇ ಪ್ರಶ್ನೆ ಏಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಜಾಕ್ಸನ್‌ವಿಲ್ ನಗರದ ಅಲೆದಾಟ ನಿಷೇಧವನ್ನು ತಳ್ಳಿಹಾಕಿದ್ದೂ ಇದೇ ಕಾರಣಕ್ಕೆ: ಅಸ್ಪಷ್ಟ ಕಾನೂನು ಪೊಲೀಸರಿಗೆ ಬೇಕಾದವರನ್ನು ಹಿಡಿಯುವ ಸಲುಗೆ ಕೊಡುತ್ತದೆ.

ಹೆಣ್ಣುಮಕ್ಕಳಿಗಂತೂ ಕಾನೂನೇ ಬೇಕಿಲ್ಲ, ಊರಿನ ಕಣ್ಣೇ ಸಾಕು. ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ ಬ್ಲ್ಯಾಂಕ್ ನಾಯ್ಸ್ ಬಳಗ ಮಹಿಳೆಯರನ್ನು ಪಾರ್ಕುಗಳಿಗೆ ಕರೆದು, ಹುಲ್ಲಿನ ಮೇಲೆ ಹಗಲಲ್ಲೇ ಮಲಗಿಸಿತು. ಕೆಲಸವಿಲ್ಲದೆ ಇರುವ ಹಕ್ಕು ತಮಗೂ ಇದೆ ಎಂಬುದೇ ಅಲ್ಲಿನ ಘೋಷಣೆ.

ಕಳ್ಳತನ, ಸರಗಳ್ಳತನದ ಭಯ ನಿಜ. ಗಸ್ತು ಬೇಕೇ ಬೇಕು. ಆದರೆ ಜನ ನಿಂತಿರುವ ಬೀದಿ ಖಾಲಿ ಬೀದಿಗಿಂತ ಕ್ಷೇಮ. ಬೈಯಪ್ಪನಹಳ್ಳಿಯಿಂದ ಬರುವ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಕೊನೆಯಾಗುವುದು ಚಿಕ್ಕಬಾಣಾವರದಲ್ಲೇ. ಅದು ಓಡಿದ ದಿನ ಇಲ್ಲಿ ಇಳಿಯುವ, ಕಾಯುವ ಜನ ಇನ್ನೂ ಹೆಚ್ಚುತ್ತಾರೆ. ಅಷ್ಟರೊಳಗೆ ನಿಲ್ದಾಣದ ಹೊರಗೆ ದೀಪ, ಕಲ್ಲುಬೆಂಚು, ಶೌಚಾಲಯ ಬರಲಿ. ನಿಂತವರನ್ನು ಚದುರಿಸಬೇಕೆನ್ನುವವರು ಮೊದಲು ಕಲಂ ಯಾವುದೆಂದು ಹೇಳಲಿ.