ಬಾವಲಿಗಳ ಪ್ರತಿಧ್ವನಿ ಕರೆಗಳ ಅಧ್ಯಯನ

ಬಾವಲಿಗಳ ಪ್ರತಿಧ್ವನಿ ಕರೆಗಳ ಅಧ್ಯಯನವೆಂದರೆ, ಹಾರುವ ಬಾವಲಿಗಳು ಹೊರಡಿಸುವ ಶ್ರವಣಾತೀತ ಧ್ವನಿಗಳನ್ನು ಮುದ್ರಿಸಿಕೊಂಡು ಅವುಗಳ ಮೂಲಕ ಪ್ರಭೇದವನ್ನು ಗುರುತಿಸುವ ವಿಧಾನ. ಬಾವಲಿಯನ್ನು ಬಲೆಗೆ ಕೆಡವದೆ, ಗವಿಯನ್ನು ಕಲಕದೆ ನಡೆಸಬಹುದಾದ್ದರಿಂದ ಅಳಿವಿನಂಚಿನ ಪ್ರಭೇದಗಳ ಸಂರಕ್ಷಣೆಯಲ್ಲಿ ಇದಕ್ಕೆ ಮಹತ್ತ್ವವಿದೆ.

ಹಿನ್ನೆಲೆ

ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಕೀಟಾಹಾರಿ ಬಾವಲಿಗಳ ಕರೆ ಬಹುಮಟ್ಟಿಗೆ ಅದಕ್ಕಿಂತ ಮೇಲಿನದು. 1938ರಲ್ಲಿ ಅಮೆರಿಕದ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ಅವರ ಉಪಕರಣದ ನೆರವಿನಿಂದ ಈ ಧ್ವನಿಗಳನ್ನು ಪತ್ತೆಹಚ್ಚಿದರು. ದೊಡ್ಡ ಮರಗಳಲ್ಲಿ ಜೋತುಬೀಳುವ ಹಣ್ಣುಬಾವಲಿಗೆ ಈ ಶಕ್ತಿಯಿಲ್ಲ. ಅದು ಕಣ್ಣು, ಮೂಗುಗಳನ್ನೇ ನಂಬಿ ಹಾರುತ್ತದೆ. ಬಾವಲಿ ಕುರುಡು ಎಂಬ ಮಾತು ನಿರಾಧಾರವಾದುದು.

ಗುರುತಿಸುವ ಬಗೆ

ಎಲೆಮೂಗಿನ ಬಾವಲಿಗಳು ಮೂಗಿನಿಂದ ಕರೆ ಹೊರಡಿಸುತ್ತವೆ. ಕರೆಯ ಬಹುಭಾಗ ಒಂದೇ ಆವರ್ತನದಲ್ಲಿ ನಿಲ್ಲುವುದರಿಂದ ಅದು ಪ್ರಭೇದದ ಮುದ್ರೆಯಂತಿರುತ್ತದೆ. ಕೋಲಾರದ ಎಲೆಮೂಗಿನ ಬಾವಲಿಯ ಕರೆ ಸುಮಾರು 103 ಕಿಲೋಹರ್ಟ್ಸ್. ಷ್ನೈಡರ್ ಎಲೆಮೂಗಿನ ಬಾವಲಿಯದು 130ರ ಆಸುಪಾಸು. ಬ್ರಿಟನ್ನಿನಲ್ಲಿ ಒಂದೇ ಎಂದು ತಿಳಿದಿದ್ದ ಪಿಪಿಸ್ಟ್ರೆಲ್ ಬಾವಲಿ ವಾಸ್ತವವಾಗಿ ಎರಡು ಪ್ರಭೇದಗಳೆಂಬ ಸುಳಿವು ದೊರೆತದ್ದೂ 45 ಮತ್ತು 55 ಕಿಲೋಹರ್ಟ್ಸ್‌ಗಳ ಕರೆಗಳ ಅಂತರದಿಂದಲೇ.

ಆದರೆ ಪಿಪಿಸ್ಟ್ರೆಲ್‌ನಂಥವು ಬಯಲಿನಲ್ಲಿ ಒಂದು ಬಗೆಯಾಗಿ, ಮರಗಳ ನಡುವೆ ಇನ್ನೊಂದು ಬಗೆಯಾಗಿ ಕರೆಯುತ್ತವೆ. ಆದ್ದರಿಂದ ಮೊದಲು ಕೆಲವು ಬಾವಲಿಗಳನ್ನು ಹಿಡಿದು, ಗುರುತಿಸಿ, ಬಿಡುವಾಗ ಕರೆ ಮುದ್ರಿಸಿ ಆಯಾ ಪ್ರದೇಶದ ಧ್ವನಿಸಂಗ್ರಹವನ್ನು ಸಿದ್ಧಪಡಿಸಬೇಕಾಗುತ್ತದೆ. ಕರೆಗಳ ಸಂಖ್ಯೆಯಿಂದ ಬಾವಲಿಗಳ ಸಂಖ್ಯೆ ತಿಳಿಯದು. ಒಂದೇ ಬಾವಲಿ ಹತ್ತು ಸಲ ಸುತ್ತಿರಬಹುದು.

ಕರ್ನಾಟಕದಲ್ಲಿ

ಕೋಲಾರದ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಕಾಕ್ ಮತ್ತು ಭಟ್ ಹೊಸ ಪ್ರಭೇದವೆಂದು ವರ್ಣಿಸಿದರು. ತೇರಹಳ್ಳಿಯ ಗವಿಯಿಂದ ಅದು ಕಣ್ಮರೆಯಾಗಿ, 2016ರ ವೇಳೆಗೆ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಇನ್ನೂರಕ್ಕೂ ಕಡಿಮೆ ಸಂಖ್ಯೆಯಲ್ಲಿ ಉಳಿದಿತ್ತು. ಗ್ರಾನೈಟ್ ಗಣಿಗಾರಿಕೆ ಅದಕ್ಕೆ ಒದಗಿದ ಮುಖ್ಯ ಆಪತ್ತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2016ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಪರಿಗಣಿಸಿತು. ಬೇರೆ ಬೆಟ್ಟಗಳಲ್ಲಿ ಅದು ಅಡಗಿದೆಯೇ ಎಂದು ಅರಸಲು ಅದರ ಕರೆಯೇ ಸುಲಭದ ಕುರುಹು.

ಬಳ್ಳಾರಿ ಕೋಟೆಯ ಗುಡ್ಡ, ಕುರುಗೋಡಿನ ಬೆಟ್ಟಗಳೂ ಇಂಥದೇ ಬಂಡೆಗಲ್ಲಿನವು. ಬಂಡೆ ಸಿಡಿಸುವುದಕ್ಕೆ ಮುನ್ನ ಒಂದೆರಡು ರಾತ್ರಿ ಧ್ವನಿಗ್ರಾಹಕವನ್ನು ಇರಿಸುವುದು ದುಬಾರಿಯೇನಲ್ಲ. ಥಾಯ್ಲೆಂಡಿನಲ್ಲಿ ಬಾವಲಿಗಳು ಭತ್ತದ ಬಿಳಿ ಬೆನ್ನಿನ ಜಿಗಿಹುಳುವನ್ನು ತಿನ್ನುವುದು ದೃಢಪಟ್ಟಿದೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ಗದ್ದೆಗಳ ಮೇಲೆ ಇರುಳಲ್ಲಿ ಯಾವ ಬಾವಲಿಗಳು ಬೇಟೆಯಾಡುತ್ತವೆ ಎಂಬುದನ್ನೂ ಇದೇ ವಿಧಾನದಿಂದ ಅರಿಯಬಹುದು.