‘ಮುಂದಿನ ನಿಲ್ದಾಣ’ ಅನ್ನೋ ಆ ದನಿ: ಅಪರ್ಣಾ ಮಾಡಿದ ಕೆಲಸ ಎಂಥದ್ದು?

ಇಯರ್‌ಫೋನ್ ಕೈಲಿಲ್ಲದೋರಿಗೆ ಈ ಸಂಚಿಕೆಯ ಮಾತು ಬರಹದಲ್ಲಿ ಇಲ್ಲಿದೆ.

ಒಂದು ದನಿ ನಿಮಗೆಲ್ಲ ಪರಿಚಯ. ಮಂಡ್ಯ, ಮದ್ದೂರಿನವರು ಮೈಸೂರು ರಸ್ತೆಯಲ್ಲಿ ಹೋಗಿ ಕೆಂಗೇರಿ ಹತ್ರ ಇಳಿದು ನೇರಳೆ ಮಾರ್ಗದ ಮೆಟ್ರೋ ಹತ್ತುತ್ತೀರಿ. ಮಳವಳ್ಳಿಯವರು ಹಲಗೂರು, ಕನಕಪುರ ದಾಟಿ ರೇಷ್ಮೆ ಸಂಸ್ಥೆ ಸ್ಟೇಷನ್ನಲ್ಲಿ ಹಸಿರು ಮಾರ್ಗ ಹಿಡೀತೀರಿ. ಎರಡರಲ್ಲೂ ‘ಮುಂದಿನ ನಿಲ್ದಾಣ’ ಅಂತ ಅಚ್ಚುಕಟ್ಟಾಗಿ ಹೇಳೋ ಕನ್ನಡದ ಹೆಣ್ಣುದನಿ ಕೇಳಿರ್ತೀರಿ. ಅದು ಅಪರ್ಣಾ ಅವರದು. ಶ್ವಾಸಕೋಶದ ಕ್ಯಾನ್ಸರ್‌ನಿಂದ 2024ರ ಜುಲೈ 11ರಂದು ಅವರು ತೀರಿಕೊಂಡರು. ದನಿ ಗೊತ್ತು, ಆದ್ರೆ ಅವರು ನಲವತ್ತು ವರ್ಷ ಏನೇನು ಮಾಡಿದ್ರು ಅನ್ನೋದು ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದನ್ನ ಇವತ್ತು ನೋಡೋಣ.

ಶುರುವಾಗಿದ್ದು ಸಿನಿಮಾದಿಂದ

ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’. ತ.ರಾ.ಸು. ಕಾದಂಬರಿ ಆಧರಿಸಿದ್ದು. ಅಪರ್ಣಾ ಬೆಳಕಿಗೆ ಬಂದಿದ್ದು ಅದರಲ್ಲೇ. ಜೊತೆಗೆ ಜಯಂತಿ, ಮತ್ತೆ ನಮ್ಮ ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶಣ್ಣ. 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡಾಗ ಚಿತ್ರ ಇನ್ನೂ ಮುಗಿದಿರಲಿಲ್ಲ. ಕೆ.ಎಸ್.ಎಲ್. ಸ್ವಾಮಿ ಅದನ್ನ ಪೂರ್ತಿ ಮಾಡಿದ್ರು.

ಇಂಥ ಶುರುವಾತು ಸಿಕ್ಕವರು ಸಾಮಾನ್ಯವಾಗಿ ನಾಯಕಿಯಾಗೋ ದಾರಿ ಹಿಡೀತಾರೆ. ಅಪರ್ಣಾ ಹೆಸರು ನಿಂತಿದ್ದು ಮಾತ್ರ ಮೈಕಿನ ಮುಂದೆ. 1993ರಲ್ಲಿ ಆಕಾಶವಾಣಿ ಸೇರಿದ್ರು. ತೊಂಬತ್ತರ ದಶಕದಲ್ಲಿ ದೂರದರ್ಶನದ ಚಂದನದಲ್ಲಿ ಕಾರ್ಯಕ್ರಮ ನಿರೂಪಿಸಿದ್ರು. 1998ರ ದೀಪಾವಳಿ ಕಾರ್ಯಕ್ರಮವೊಂದನ್ನ ಎಂಟು ಗಂಟೆ ಸತತವಾಗಿ ನಡೆಸಿಕೊಟ್ಟಿದ್ದು ದಾಖಲೆ ಅಂತಲೇ ಜನ ನೆನೀತಾರೆ. ಆಮೇಲೆ ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳು. 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಮನೆ. 2015ರಿಂದ ‘ಮಜಾ ಟಾಕೀಸ್’ನ ವರಲಕ್ಷ್ಮಿ.

ಎಂಟು ಗಂಟೆ ಮಾತಾಡೋದು ಅಂದ್ರೆ

ನಮ್ಮೂರಲ್ಲಿ ಗಣೇಶನ್ನ ಕೂರಿಸಿದಾಗ, ಕಾಲೇಜ್ ಡೇ ದಿನ ಮೈಕ್ ಹಿಡಿದೋರಿಗೆ ಈ ಕಷ್ಟ ಗೊತ್ತು. ಮುಖ್ಯ ಅತಿಥಿ ಒಂದು ಗಂಟೆ ತಡ. ಕರೆಂಟ್ ಹೋಯ್ತು. ಹಾಡೋರು ಇನ್ನೂ ಬಂದಿಲ್ಲ. ಆ ಖಾಲಿ ಹೊತ್ತನ್ನ ಜನ ಎದ್ದು ಹೋಗದ ಹಾಗೆ ತುಂಬೋನೇ ನಿರೂಪಕ. ಕೂತಿರೋರ ಹೆಸರು ಸರಿಯಾಗಿ ಹೇಳಬೇಕು, ಎಲ್ಲಿ ಉಸಿರು ತಗೋಬೇಕು ಅಂತ ತಿಳಿದಿರಬೇಕು, ಎಂಟನೇ ಗಂಟೆಯಲ್ಲೂ ಮೊದಲನೇ ಗಂಟೆಯ ದನಿಯೇ ಇರಬೇಕು.

ಮೆಟ್ರೋ ಕೆಲಸ ಇನ್ನೊಂದು ಥರ. ಇಂಥ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ವಾಕ್ಯದ ತುಂಡುಗಳನ್ನ, ನಿಲ್ದಾಣದ ಹೆಸರುಗಳನ್ನ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಜೋಡಿಸ್ತಾರೆ. ಒಂದು ಹೆಸರು ಜೋರಾಗಿ, ಇನ್ನೊಂದು ಮೆತ್ತಗೆ ಬಂದ್ರೆ ಜೋಡಣೆ ಕಿವಿಗೆ ಹೊಡೆಯುತ್ತೆ. ಕೇಳೋನು ನಿಂತಿರೋದು ಗದ್ದಲದಲ್ಲಿ, ಕೈಲಿ ಲಗೇಜು ಬೇರೆ. ಒಂದೇ ಸಲಕ್ಕೆ ಅವನಿಗೆ ಅರ್ಥ ಆಗ್ಬೇಕು.

ಹಲಗೂರೋ, ಅಲ್ಗೂರೋ?

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಹಲಗೂರು ‘ಅಲ್ಗೂರು’ ಆಗುತ್ತೆ, ಹನಕೆರೆ ‘ಅನಕೆರೆ’ ಆಗುತ್ತೆ. ನಿರೂಪಕಿ ಆಗ್ಬೇಕು ಅಂತಿರೋ ಮಳವಳ್ಳಿ ಹುಡುಗಿಗೆ ಮೊದಲು ಬೀಳೋ ಏಟೇ ಇದು. ನಾನು ಒಂದು ಕಡೆ ಆಡಿಷನ್‌ಗೆ ಹೋದಾಗ ಮೊದಲನೇ ವಾಕ್ಯಕ್ಕೇ ‘ಮಂಡ್ಯನಾ?’ ಅಂತ ನಕ್ಕಿದ್ರು. ವಿಚಿತ್ರ ಏನಂದ್ರೆ, ಇದೇ ಮಾತಿನ ಗತ್ತನ್ನ ಅಂಬರೀಶಣ್ಣನ ಬಾಯಲ್ಲಿ ಕೇಳಿ ಇಡೀ ರಾಜ್ಯ ಶಿಳ್ಳೆ ಹೊಡೆದಿದೆ. 1994ರಲ್ಲಿ ‘ಮಂಡ್ಯದ ಗಂಡು’ ಅಂತ ಸಿನಿಮಾನೇ ಬಂತು. ಗಂಡಿನ ಬಾಯಲ್ಲಿ ಅದು ಖದರು, ಮೈಕ್ ಹಿಡಿದ ಹುಡುಗಿ ಬಾಯಲ್ಲಿ ಅದು ಕೊರತೆ. ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ಹಾಗಂತ ಸ್ಪಷ್ಟ ಉಚ್ಚಾರಣೆ ಬೇಡ ಅಂತಲೂ ಅಲ್ಲ. ಹುಬ್ಬಳ್ಳಿಯಿಂದ ಬಂದೋರು, ಮಂಗಳೂರಿಂದ ಬಂದೋರು, ನಿನ್ನೆ ಕನ್ನಡ ಕಲಿಯೋಕೆ ಶುರು ಮಾಡಿದೋರು ಎಲ್ಲರೂ ಒಂದೇ ಬೋಗಿಯಲ್ಲಿ ಇರ್ತಾರೆ. ಅಲ್ಲಿ ‘ಹ’ಕಾರ, ಮಹಾಪ್ರಾಣ ಕೆಲಸಕ್ಕೆ ಬೇಕಾದ ಸಾಮಾನು, ರೈತನಿಗೆ ಕುಡುಗೋಲು ಇದ್ದ ಹಾಗೆ. ಅದನ್ನ ಅಭ್ಯಾಸ ಮಾಡಿ ಕಲೀಬಹುದು.

ಇದಕ್ಕೆ ಒಳ್ಳೇ ಉದಾಹರಣೆ ಅಪರ್ಣಾನೇ. ಅಷ್ಟು ಅಳತೆಯ ಕನ್ನಡ ಆಡ್ತಿದ್ದೋರು ‘ಮಜಾ ಟಾಕೀಸ್’ಗೆ ಬಂದು ‘ಒನ್ ಅಂಡ್ ಓನ್ಲಿ’ ಅಂತ ಜಂಬ ಕೊಚ್ಚಿಕೊಳ್ಳೋ ವರಲಕ್ಷ್ಮಿ ಆದ್ರು. ಗಂಭೀರ ನಿರೂಪಕಿ ಅಂತ ನೋಡಿದ್ದ ಜನ ಬಿದ್ದು ಬಿದ್ದು ನಕ್ಕರು. ಅಂದ್ರೆ ಸ್ಪಷ್ಟ ಕನ್ನಡ ಅವರಿಗೆ ಒಂದು ಕೌಶಲ. ಬೇಕಾದಾಗ ತೆಗೆದು, ಬೇಡದಾಗ ಪಕ್ಕಕ್ಕಿಡ್ತಿದ್ರು. ನಾವೂ ಹಂಗೇ ಮೈಕಲ್ಲಿ ಹಲಗೂರು ಅನ್ನೋಣ, ಮನೇಲಿ ಅಲ್ಗೂರು ಅನ್ನೋಣ. ಒಂದನ್ನ ಕಲಿಯೋಕೆ ಇನ್ನೊಂದನ್ನ ಸಾಯಿಸಬೇಕಿಲ್ಲ ಕಣ್ರಪ್ಪಾ.

ಅವರು ಹೋದ ಐದು ತಿಂಗಳಿಗೆ, 2024ರ ಡಿಸೆಂಬರ್‌ನಲ್ಲಿ, ನಮ್ಮ ಮಂಡ್ಯದಲ್ಲೇ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಅಂಥ ವೇದಿಕೆಗಳ ಮೈಕ್ ಮುಂದೆ ನಮ್ಮ ತಾಲ್ಲೂಕುಗಳ ಹುಡುಗೀರು ಹೆಚ್ಚೆಚ್ಚು ನಿಲ್ಲಲಿ ಅನ್ನೋದು ನನ್ನ ಆಸೆ. ಶುರು ಮಾಡೋಕೆ ಸ್ಟುಡಿಯೋ ಬೇಡ. ದಿನಾ ಹತ್ತು ನಿಮಿಷ ಪೇಪರ್ ಜೋರಾಗಿ ಓದಿ, ಫೋನಲ್ಲೇ ರೆಕಾರ್ಡ್ ಮಾಡಿ, ನೀವೇ ಕೇಳಿ. ತಿಂಗಳಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗುತ್ತೆ.

ನಿಮ್ಮೂರಲ್ಲಿ ಚೆನ್ನಾಗಿ ನಿರೂಪಣೆ ಮಾಡೋರು ಯಾರಾದ್ರೂ ಇದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.